ದೇವಿಕಾರಾಣಿಯವರ ಮುಖಕ್ಕೆ ಬೆಳಕಿಟ್ಟವರ ಹೆಸರನ್ನೂ ಬರೆಯಿರಿ

ತಾತಗುಣಿಯ ರೋರಿಕ್–ದೇವಿಕಾರಾಣಿ ಎಸ್ಟೇಟಿನ ಹೊಣೆ ಹೊತ್ತಿರುವ ಕರ್ನಾಟಕ ಸರ್ಕಾರದ ಅಧಿಕಾರಿಗಳಿಗೂ ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೂ ಸದಸ್ಯರಿಗೂ ಬಹಿರಂಗ ಪತ್ರ

ಮಾನ್ಯರೇ,

ನಾನು ಅರಸೀಕೆರೆಯಲ್ಲಿ 34 ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಈಗ ಬಾಗಿಲು ಹಾಕಿದ್ದೇನೆ. ಸ್ಟುಡಿಯೋದ ಗೋಡೆಗೆ ಒಂದು ಹಳೆಯ ಚಿತ್ರ ತೂಗುಹಾಕಿದ್ದೆ. ಪತ್ರಿಕೆಯಿಂದ ಕತ್ತರಿಸಿ ನಾನೇ ಕಾಪಿ ಮಾಡಿ ದೊಡ್ಡದು ಮಾಡಿದ್ದ, ಹಳೆಯ ಹಿಂದಿ ಚಿತ್ರಗಳ ನಟಿ ದೇವಿಕಾರಾಣಿಯವರ ಮುಖ. ಹೆಣ್ಣು ನೋಡಲು ಕಳಿಸುವ ಫೋಟೋಕ್ಕೆ ಬಂದ ಹುಡುಗಿಯರು ಅದನ್ನು ನೋಡಿ "ನಂದೂ ಹೀಗೇ ತೆಗೀರಿ ಅಂಕಲ್" ಅನ್ನುತ್ತಿದ್ದರು. ನಾನು ಪ್ರಯತ್ನ ಪಡುತ್ತಿದ್ದೆ. ಮುಖಕ್ಕೆ ಒಂದು ಲೈಟು, ನೆರಳು ಕಡಿಮೆ ಮಾಡಲು ಇನ್ನೊಂದು, ಹಿಂದಿನಿಂದ ತಲೆಗೂದಲ ಮೇಲೆ ಮತ್ತೊಂದು. ಎಷ್ಟು ಸಲ ಸ್ಟ್ಯಾಂಡು ಸರಿಸಿದರೂ ಆ ಕೆನ್ನೆಯ ಮೇಲಿನ ಬೆಳಕು ನನ್ನ ಕೈಗೆ ಸಿಕ್ಕಲಿಲ್ಲ. ಆ ಬೆಳಕು ಇಟ್ಟವರು ಯಾರು ಎಂದು ಹುಡುಕುತ್ತ ಹೋದಾಗ ಸಿಕ್ಕ ಹೆಸರು ಯೋಸೆಫ್ ವಿರ್ಶಿಂಗ್. ಜರ್ಮನಿಯ ಮ್ಯೂನಿಕ್‌ನವರು. ಆ ಹೆಸರಿಗಾಗಿಯೇ ಈ ಪತ್ರ.

ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಂದು ಚಿತ್ರಪ್ರದರ್ಶನಕ್ಕೆ ಹೋಗಿದ್ದೆ. 1936ರ 'ಅಛೂತ್ ಕನ್ಯಾ' ತೋರಿಸಿದರು. ಶುರುವಿಗೆ ಮುಂಚೆ ಪರಿಚಯ ಮಾಡಿಕೊಟ್ಟವರು ನಿರ್ಮಾಪಕ ಹಿಮಾಂಶು ರಾಯ್ ಹೆಸರು ಹೇಳಿದರು, ನಿರ್ದೇಶಕ ಫ್ರಾಂಜ್ ಓಸ್ಟೆನ್ ಹೆಸರು ಹೇಳಿದರು, ಸಂಗೀತ ಕೊಟ್ಟ ಸರಸ್ವತಿ ದೇವಿಯವರ ಹೆಸರು ಹೇಳಿದರು. ಅದು ನನಗೂ ಸಂತೋಷ. ಆದರೆ ಕ್ಯಾಮೆರಾ ಯಾರದ್ದು ಎಂದು ಹೇಳಲಿಲ್ಲ. ಪ್ರದರ್ಶನ ಮುಗಿದ ಮೇಲೆ ಕೂತಿದ್ದ ಹತ್ತಿಪ್ಪತ್ತು ಜನರಲ್ಲಿ ಕೇಳಿದೆ. ಅವರಲ್ಲಿ ಸಿನಿಮಾ ಓದುತ್ತಿದ್ದ ಹುಡುಗರೂ ಇದ್ದರು. ಒಬ್ಬರಿಗೂ ಗೊತ್ತಿರಲಿಲ್ಲ. ಆ ಹುಡುಗರ ತಪ್ಪಲ್ಲ ಅದು. ಅವರಿಗೆ ಯಾರೂ ಹೇಳಿಲ್ಲ. ಆ ರಾತ್ರಿ ಅರಸೀಕೆರೆಯ ರೈಲಿನಲ್ಲಿ ಕೂತು ಬರುವಾಗ ನನಗೆ ನಿದ್ದೆ ಬರಲಿಲ್ಲ.

ನಿಮಗೇ ಏಕೆ ಬರೆಯುತ್ತಿದ್ದೇನೆ ಎಂದರೆ, ದೇವಿಕಾರಾಣಿಯವರು ಕೊನೆಗೆ ನಮ್ಮವರಾದರು. 1945ರಲ್ಲಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ, ಮುಂದೆ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆ ನಿಂತರು. 1994ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. 450 ಎಕರೆಗೂ ಮಿಕ್ಕಿದ ಆ ಎಸ್ಟೇಟು ಈಗ ರಾಜ್ಯದ ಆಸ್ತಿ. ರೋರಿಕ್ ಅವರು ತಮ್ಮ ಹೆಂಡತಿಯ ಭಾವಚಿತ್ರಗಳನ್ನು ಬರೆದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಕೃತಿಗಳಿಗೇ ಗ್ಯಾಲರಿ ಇದೆ. ಬಣ್ಣದಲ್ಲಿ ಆ ಮುಖ ಬರೆದವರನ್ನು ಕರ್ನಾಟಕ ಗೌರವದಿಂದ ಇಟ್ಟುಕೊಂಡಿದೆ. ರೋರಿಕ್ ಅವರ ಕುಂಚಕ್ಕಿಂತ ಮೊದಲು, ಐದು ವರ್ಷ, ಚಿತ್ರದ ಮೇಲೆ ಚಿತ್ರ, ಅದೇ ಮುಖವನ್ನು ಬೆಳಕಿನಲ್ಲಿ ಬರೆದವರು ಇನ್ನೊಬ್ಬರಿದ್ದರು. ಅವರಿಗೂ ಅಲ್ಲೊಂದು ಜಾಗ ಬೇಕು ಎನ್ನುವುದು ನನ್ನ ಬೇಡಿಕೆ.

ಅವರ ಕತೆ ಸ್ವಲ್ಪ ಹೇಳುತ್ತೇನೆ. ದಯವಿಟ್ಟು ಓದಿ.

ವಿರ್ಶಿಂಗ್ ಹುಟ್ಟಿದ್ದು 1903ರ ಮಾರ್ಚ್ 22ರಂದು. ಮ್ಯೂನಿಕ್‌ನಲ್ಲಿ ಆಗ ಎಮೆಲ್ಕಾ ಎಂಬ ದೊಡ್ಡ ಚಿತ್ರ ಸಂಸ್ಥೆ ಇತ್ತು. ಬರ್ಲಿನ್‌ನವರಿಗೆ ಉಫಾ ಹೇಗೋ ದಕ್ಷಿಣ ಜರ್ಮನಿಗೆ ಎಮೆಲ್ಕಾ ಹಾಗೆ. ಹುಡುಗ ಕೆಲಸ ಕಲಿತದ್ದು ಅಲ್ಲಿ. ಅದು ಮೂಕಿ ಚಿತ್ರಗಳ ಕಾಲ. ಕ್ಯಾಮೆರಾಕ್ಕೆ ಮೋಟಾರು ಇರಲಿಲ್ಲ, ಹಿಡಿ ತಿರುಗಿಸಬೇಕಿತ್ತು. ಸೆಕೆಂಡಿಗೆ ಎರಡು ಸುತ್ತು, ಹದಿನಾರು ಚಿತ್ರ. ಹಳ್ಳಿಯಲ್ಲಿ ಬಾವಿಯ ರಾಟೆ ಎಳೆದವರಿಗೆ ಗೊತ್ತು, ಕೈ ಸೋತಂತೆಲ್ಲ ಲಯ ತಪ್ಪುತ್ತದೆ. ಕ್ಯಾಮೆರಾದ ಹಿಡಿ ಹಾಗೆ ತಪ್ಪಿದರೆ ಪರದೆಯ ಮೇಲೆ ನಟ ಓಡಿಬಿಡುತ್ತಾನೆ ಇಲ್ಲವೇ ತೇಲುತ್ತಾನೆ. ಹಾಗಾಗಿ ಆಗಿನ ಕ್ಯಾಮೆರಾಮನ್ ತನ್ನ ಮೈಯಲ್ಲೇ ಗಡಿಯಾರ ಇಟ್ಟುಕೊಂಡಿರಬೇಕಿತ್ತು. ಜರ್ಮನಿಯಲ್ಲಿ ಆ ದಶಕದಲ್ಲಿ ಬೆಳಕು ನೆರಳಿನ ವಿದ್ಯೆ ಬಹಳ ಎತ್ತರಕ್ಕೆ ಹೋಗಿತ್ತು. ಮಾತಿಲ್ಲದ ಚಿತ್ರದಲ್ಲಿ ಪಾತ್ರದ ಒಳಗಿನದನ್ನು ನೆರಳೇ ಹೇಳಬೇಕಿತ್ತಲ್ಲ.

1924ರಲ್ಲಿ ಹಿಮಾಂಶು ರಾಯ್ ಬುದ್ಧನ ಕತೆಯನ್ನು ಚಿತ್ರ ಮಾಡುವ ಕನಸು ಹೊತ್ತು ಮ್ಯೂನಿಕ್‌ಗೆ ಹೋಗಿ ಎಮೆಲ್ಕಾ ಜತೆ ಒಪ್ಪಂದ ಮಾಡಿಕೊಂಡರು. ನಿರ್ದೇಶಕ ಫ್ರಾಂಜ್ ಓಸ್ಟೆನ್, ಕ್ಯಾಮೆರಾಕ್ಕೆ ವಿಲ್ಲಿ ಕೀರ್‌ಮೈಯರ್ ಮತ್ತು ಯೋಸೆಫ್ ವಿರ್ಶಿಂಗ್. 1925ರ ಫೆಬ್ರವರಿ ಕೊನೆಯಲ್ಲಿ ಹಡಗು ಹತ್ತಿದಾಗ ವಿರ್ಶಿಂಗ್ ಅವರಿಗೆ 22 ತುಂಬಲು ಇನ್ನೂ ಕೆಲವು ವಾರ ಬಾಕಿ. ಆ ಚಿತ್ರವೇ 'ಪ್ರೇಮ್ ಸನ್ಯಾಸ್'. ಜೈಪುರದ ಮಹಾರಾಜರು ಆನೆ, ಕುದುರೆ, ಪರಿವಾರ ಒದಗಿಸಿಕೊಟ್ಟರು. ಸ್ಟುಡಿಯೋ ಸೆಟ್ಟು, ಕೃತಕ ದೀಪ, ಮೇಕಪ್ಪು ಯಾವುದೂ ಇಲ್ಲದೆ ಭಾರತದಲ್ಲೇ ತೆಗೆದ ಚಿತ್ರ ಎಂದು ಶುರುವಿನಲ್ಲೇ ಬರೆದು ತೋರಿಸುತ್ತಾರೆ. ಆ ಸಾಲನ್ನು ಒಬ್ಬ ಫೋಟೋಗ್ರಾಫರ್ ಓದುವ ಬಗೆಯೇ ಬೇರೆ. ರಾಜಸ್ಥಾನದ ಬಿಸಿಲು ನೆತ್ತಿಯ ಮೇಲಿದ್ದಾಗ ಕಣ್ಣಿನ ಗುಳಿಗಳೆಲ್ಲ ಕಪ್ಪಾಗುತ್ತವೆ. ನನ್ನ ಊರಲ್ಲಿ ಮಧ್ಯಾಹ್ನದ ಮದುವೆ ಮೆರವಣಿಗೆ ತೆಗೆದು ಬೈಸಿಕೊಂಡ ಅನುಭವ ನನಗಿದೆ. ಮ್ಯೂನಿಕ್‌ನ ಮೋಡ ಕವಿದ ಬೆಳಕಿನಲ್ಲಿ ಬೆಳೆದ ಕಣ್ಣು ನಮ್ಮ ಬಿಸಿಲನ್ನು ಮೊದಲ ಸಲ ಅಳೆದದ್ದು ಆ ಚಿತ್ರದಲ್ಲಿ.

ಇಲ್ಲಿ ಒಂದು ತಿದ್ದುಪಡಿ. ರಾಯ್–ಓಸ್ಟೆನ್ ಜೋಡಿಯ ಮುಂದಿನ ಮೂಕಿ ಚಿತ್ರಗಳಾದ 'ಶಿರಾಜ್' ಮತ್ತು 'ಪ್ರಪಂಚ ಪಾಶ್' ಕ್ಯಾಮೆರಾವನ್ನೂ ವಿರ್ಶಿಂಗ್ ಹೆಸರಿಗೆ ಹಚ್ಚಿ ಮಾತಾಡುವುದನ್ನು ಕೇಳಿದ್ದೇನೆ. ಅವೆರಡರಲ್ಲಿ ಕೆಲಸ ಮಾಡಿದ ಜರ್ಮನ್ ಕ್ಯಾಮೆರಾಮನ್ ಎಮಿಲ್ ಶ್ಯೂನೆಮನ್. ಒಬ್ಬರ ಹೆಸರು ಉಳಿಸಲು ಹೋಗಿ ಇನ್ನೊಬ್ಬರ ಹೆಸರು ಅಳಿಸುವುದು ಬೇಡ.

1934ರಲ್ಲಿ ರಾಯ್ ಮತ್ತು ದೇವಿಕಾರಾಣಿ ಬೊಂಬಾಯಿಯ ಮಲಾಡ್‌ನಲ್ಲಿ ಬಾಂಬೆ ಟಾಕೀಸ್ ಸ್ಟುಡಿಯೋ ಕಟ್ಟಿದರು. ಓಸ್ಟೆನ್ ಮತ್ತೆ ಬಂದರು, ವಿರ್ಶಿಂಗ್ ಬಂದರು. ಸೆಟ್ಟುಗಳಿಗೆ ಕಾರ್ಲ್ ಫಾನ್ ಸ್ಪ್ರೇಟಿ, ಲ್ಯಾಬಿಗೆ ವಿಲ್‌ಹೆಲ್ಮ್ ತ್ಸೋಲೆ. ಇಷ್ಟು ಜನ ಜರ್ಮನರು ಒಟ್ಟಿಗೆ ಬಂದು ನಮ್ಮ ಹುಡುಗರಿಗೆ ಕೆಲಸ ಕಲಿಸಿದ ಇನ್ನೊಂದು ಜಾಗ ಆಗಿನ ಭಾರತೀಯ ಚಿತ್ರರಂಗದಲ್ಲಿ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಮೊದಲ ಚಿತ್ರ 1935ರ 'ಜವಾನಿ ಕಿ ಹವಾ'. ಮರುವರ್ಷ 'ಜೀವನ್ ನೈಯಾ', ಆಮೇಲೆ 'ಅಛೂತ್ ಕನ್ಯಾ'. ಲ್ಯಾಬಿನಲ್ಲಿ ಕೈ ಒದ್ದೆ ಮಾಡಿಕೊಂಡು ನಿಂತಿದ್ದ ಹುಡುಗನೊಬ್ಬನನ್ನು ಕರೆದು ನಾಯಕನನ್ನಾಗಿ ಮಾಡಿದರು. ಅವರೇ ಅಶೋಕ್ ಕುಮಾರ್. ಕ್ಯಾಮೆರಾದ ಮುಂದೆ ನಿಂತು ಅಭ್ಯಾಸವೇ ಇಲ್ಲದ ಅವರ ಮುಖದಲ್ಲಿ ಜನ ನಾಯಕನನ್ನು ಕಂಡರು ಎಂದರೆ ಅದರಲ್ಲಿ ಲೈಟು ಇಟ್ಟವರ ಪಾಲೂ ಇದೆ. ಮುಜುಗರ ಪಡುವ ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆದ ಯಾರನ್ನಾದರೂ ಕೇಳಿ.

'ಅಛೂತ್ ಕನ್ಯಾ' ನೋಡುವಾಗ ದಯವಿಟ್ಟು ಬೆಳಕನ್ನು ನೋಡಿ. ಕತೆ ರಾತ್ರಿಯ ಹೊತ್ತು ಒಂದು ರೈಲ್ವೆ ಗೇಟಿನ ಬಳಿ ಶುರುವಾಗುತ್ತದೆ. ಗೇಟ್ ಕಾಯುವವನ ಮಗಳು ಕಸ್ತೂರಿ, ದಲಿತ ಹುಡುಗಿ. ಬ್ರಾಹ್ಮಣರ ಹುಡುಗ ಪ್ರತಾಪ್. 1936ರಲ್ಲಿ ಈ ಕತೆ ಹೇಳುವುದಕ್ಕೆ ಎದೆಗಾರಿಕೆ ಬೇಕಿತ್ತು. ಲಂಡನ್, ಬರ್ಲಿನ್ ನೋಡಿ ಬಂದ ದೇವಿಕಾರಾಣಿಯವರು ಹಳ್ಳಿಯ ಹುಡುಗಿಯಾಗಿ ಕಾಣುತ್ತಾರೋ ಎಂದು ಅನುಮಾನ ಪಡುವವರು ಇಂದಿಗೂ ಇದ್ದಾರೆ. ತಿದ್ದಿದ ಹುಬ್ಬು ಎದ್ದು ಕಾಣುತ್ತದೆ ನಿಜ. ಆದರೆ ದುಃಖದ ದೃಶ್ಯಗಳಲ್ಲಿ ಕ್ಯಾಮೆರಾ ಹತ್ತಿರ ಬಂದಾಗ ಮುಖದ ಒಂದು ಪಾರ್ಶ್ವ ಬೆಳಗಿ ಇನ್ನೊಂದು ಮೆಲ್ಲಗೆ ಕತ್ತಲಿಗೆ ಸರಿಯುತ್ತದೆ, ಕೂದಲಿನ ಅಂಚಿನಲ್ಲಿ ಮಾತ್ರ ಒಂದು ಬೆಳ್ಳಿಗೆರೆ. ಆ ಗೆರೆ ಇಲ್ಲದಿದ್ದರೆ ತಲೆ ಹಿಂದಿನ ಗೋಡೆಗೆ ಅಂಟಿಕೊಂಡುಬಿಡುತ್ತಿತ್ತು. ಅತ್ತ ಮೈಕು ಎಲ್ಲೋ ಮೇಲೆ ತೂಗುತ್ತಿದೆ, ನಟರು ತಾವೇ ಹಾಡುತ್ತಿದ್ದಾರೆ, ಮೈಕಿನಿಂದ ದೂರ ಹೋಗುವಂತಿಲ್ಲ. ಟಾಕಿಯ ಆರಂಭದ ಆ ಕಟ್ಟುಪಾಡಿನಲ್ಲಿ, ಮೈಕಿನ ನೆರಳು ಮುಖದ ಮೇಲೆ ಬೀಳದ ಹಾಗೆ, ಮುಖದ ನೆರಳು ಮಾತ್ರ ಉಳಿಯುವ ಹಾಗೆ ದೀಪ ಇಡಬೇಕು. ನನ್ನ ಅಪ್ಪ, ಅವರೂ ಫೋಟೋಗ್ರಾಫರ್, ಹೇಳುತ್ತಿದ್ದರು: ಬೆಳಕು ಹಾಕುವುದನ್ನು ಒಂದು ವರ್ಷದಲ್ಲಿ ಕಲಿಯಬಹುದು ಕಣೋ, ನೆರಳು ಬಿಡುವುದನ್ನು ಕಲಿಯಲು ಜೀವಮಾನ ಬೇಕು.

ಆಮೇಲೆ ಯುದ್ಧ ಬಂತು. 1939ರಲ್ಲಿ 'ಕಂಗನ್' ಚಿತ್ರೀಕರಣ ನಡೆಯುತ್ತಿದ್ದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಪ್ರಜೆಗಳನ್ನು ಶತ್ರು ದೇಶದವರೆಂದು ಹಿಡಿದುಕೊಂಡು ಹೋಯಿತು. ಓಸ್ಟೆನ್ 1936ರಲ್ಲೇ ನಾಜಿ ಪಕ್ಷ ಸೇರಿದ್ದರು. ಈ ಚರಿತ್ರೆ ಹೇಳುವವರು ಅದನ್ನು ಮುಚ್ಚಿಡಬಾರದು, ಅಸ್ಪೃಶ್ಯತೆಯ ವಿರುದ್ಧದ ಚಿತ್ರ ನಿರ್ದೇಶಿಸಿದವರ ಜೀವನದಲ್ಲಿ ಅದೂ ಇತ್ತು ಎನ್ನುವುದನ್ನು ಹಾಗೆಯೇ ಹೇಳಬೇಕು. ಓಸ್ಟೆನ್ ಬಿಡುಗಡೆಯಾಗಿ ಜರ್ಮನಿಗೆ ಮರಳಿದರು. ವಿರ್ಶಿಂಗ್ ಯುದ್ಧದ ವರ್ಷಗಳನ್ನು ಬಂಧನ ಶಿಬಿರಗಳಲ್ಲಿ ಕಳೆದರು. 36ರಿಂದ 40 ದಾಟುವವರೆಗೆ. ನಮ್ಮ ಕಸುಬಿನಲ್ಲಿ ಕಣ್ಣೂ ಕೈಯೂ ಅನುಭವವೂ ಒಟ್ಟಿಗೆ ಕೂಡಿಬರುವ ವಯಸ್ಸು ಅದು. ಹೊರಗೆ 1940ರ ಮೇ ತಿಂಗಳಲ್ಲಿ ಹಿಮಾಂಶು ರಾಯ್ ತೀರಿಕೊಂಡರು. ವಿರ್ಶಿಂಗ್ ಕೈಕೆಳಗೆ ಪಳಗಿದ ಆರ್.ಡಿ. ಪರೀಂಜಾ ಕ್ಯಾಮೆರಾ ವಹಿಸಿಕೊಂಡರು. 1943ರ 'ಕಿಸ್ಮತ್' ಅವರ ಕೆಲಸ. ಕಲ್ಕತ್ತದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿದ ಚಿತ್ರ ಅದು. ಗುರು ಶಿಬಿರದಲ್ಲಿದ್ದಾಗ ಶಿಷ್ಯ ದೇಶಕ್ಕೆ ಬೆಳಕು ತೋರಿಸುತ್ತಿದ್ದ.

ಬಿಡುಗಡೆಯಾದ ಮೇಲೆ ಆ ಮನುಷ್ಯ ಮ್ಯೂನಿಕ್‌ಗೆ ಹೊರಟುಹೋಗಬಹುದಿತ್ತು. ಸೆರೆಯಲ್ಲಿಟ್ಟ ನೆಲ ಇದು. ಅವರು ಉಳಿದರು. ಮತ್ತೆ ಮಲಾಡ್‌ನ ಅದೇ ಸ್ಟುಡಿಯೋಗೆ ಹೋದರು, 1949ರಲ್ಲಿ 'ಮಹಲ್' ಮಾಡಿದರು.

'ಮಹಲ್' ನಾನು ಮೊದಲ ಸಲ ನೋಡಿದ್ದು ದೂರದರ್ಶನದಲ್ಲಿ, ಪಕ್ಕದ ಮನೆಯ ಹದಿನಾಲ್ಕು ಇಂಚಿನ ಟಿ.ವಿ.ಯಲ್ಲಿ. ಕಮಲ್ ಅಮ್ರೋಹಿ ನಿರ್ದೇಶಿಸಿದ ಮೊದಲ ಚಿತ್ರ. ಪಾಳುಬಿದ್ದ ಬಂಗಲೆಗೆ ಬಂದ ಅಶೋಕ್ ಕುಮಾರ್, ಗೋಡೆಯ ಮೇಲೆ ತನ್ನದೇ ಮುಖದ ಹಳೆಯ ಚಿತ್ರ, ಎಲ್ಲಿಂದಲೋ ಲತಾ ಮಂಗೇಶ್ಕರರ ದನಿ, ಉಯ್ಯಾಲೆಯ ಮೇಲೆ ಹದಿನಾರು ವರ್ಷದ ಮಧುಬಾಲಾ. ಎಲ್ಲರೂ ಆ ಹಾಡನ್ನು ನೆನೆಯುತ್ತಾರೆ. ನಾನು ಆ ರಾತ್ರಿ ಹಾಡು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ಪರದೆಯ ಮುಕ್ಕಾಲು ಪಾಲು ಕಪ್ಪು. ಅಷ್ಟು ಕಪ್ಪು ಬಿಡಲು ಯಾವ ನಿರ್ಮಾಪಕರು ಒಪ್ಪಿದರು ಎಂದು ಯೋಚಿಸುತ್ತ ಕೂತಿದ್ದೆ. ಆ ಕಪ್ಪಿನಲ್ಲಿ ಬಾಗಿಲ ಚೌಕಟ್ಟಿದೆ, ಕಂಬದ ಅಂಚಿದೆ, ಮೆಟ್ಟಿಲಿನ ಕೊನೆಯಿದೆ ಎಂದು ಕಣ್ಣಿಗೆ ಗೊತ್ತಾಗುತ್ತಲೇ ಇರುತ್ತದೆ. ಡಾರ್ಕ್ ರೂಮಿನಲ್ಲಿ ಪ್ರಿಂಟು ಮಾಡಿದವರಿಗೆ ಇದರ ಬೆಲೆ ಗೊತ್ತು. ನೆಗೆಟಿವ್‌ನಲ್ಲಿ ಏನೂ ಇಲ್ಲದಿದ್ದರೆ ಕಪ್ಪು ಸತ್ತ ಕಪ್ಪಾಗಿ ಬರುತ್ತದೆ. ಇಲ್ಲಿನ ಕಪ್ಪು ಉಸಿರಾಡುತ್ತದೆ. ಮರುದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ನೆರಳು ಕಡಿಮೆ ಮಾಡುವ ಫಿಲ್ ಲೈಟು ಆರಿಸಿ, ಒಂದೇ ದೀಪದಲ್ಲಿ ನನ್ನ ತಂಗಿಯ ಫೋಟೋ ತೆಗೆದೆ. ಅವಳಿಗೆ ಇಷ್ಟವಾಗಲಿಲ್ಲ, "ಅರ್ಧ ಮುಖ ಎಲ್ಲಿ ಹೋಯ್ತಣ್ಣ?" ಅಂದಳು. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ.

ಬಾಂಬೆ ಟಾಕೀಸ್ ಮುಚ್ಚಿದ ಮೇಲೆ ವಿರ್ಶಿಂಗ್ ಅವರನ್ನು ಅಮ್ರೋಹಿ ಬಿಡಲಿಲ್ಲ. ಅಮ್ರೋಹಿ ನಿರ್ಮಿಸಿದ 'ದಿಲ್ ಅಪ್ನಾ ಔರ್ ಪ್ರೀತ್ ಪರಾಯಿ' 1960ರಲ್ಲಿ ಬಂತು. ಅದಕ್ಕೂ ಮೊದಲೇ, 1956ರಲ್ಲಿ, 'ಪಾಕೀಜಾ' ಶುರುವಾಗಿತ್ತು. ಕಪ್ಪು ಬಿಳುಪಿನಲ್ಲಿ ಮೊದಲಾಗಿ, ಬಣ್ಣಕ್ಕೆ ತಿರುಗಿ, ಸಿನಿಮಾಸ್ಕೋಪಿಗೆ ಹಿಗ್ಗಿ, ನಿಂತು, ಮತ್ತೆ ನಡೆದು, ಮುಗಿಯುವ ಹೊತ್ತಿಗೆ ಒಂದೂವರೆ ದಶಕ. ಕೈಯಿಂದ ಹಿಡಿ ತಿರುಗಿಸಿ ಬುದ್ಧನನ್ನು ತೆಗೆದ ಹುಡುಗ, ಅಗಲ ಪರದೆಯಲ್ಲಿ ಮೀನಾಕುಮಾರಿಯವರ ಕೆಂಪು ನಿಲುವಂಗಿಯನ್ನು ತೆಗೆಯುವವರೆಗೆ ಬಂದು ನಿಂತಿದ್ದರು. ಚಿತ್ರ ಮುಗಿದದ್ದನ್ನು ಅವರು ನೋಡಲಿಲ್ಲ. 1967ರ ಜೂನ್ 11ರಂದು ಬೊಂಬಾಯಿಯಲ್ಲಿ ತೀರಿಕೊಂಡರು. 64 ವರ್ಷ. ಉಳಿದ ಭಾಗಕ್ಕೆ ಬೇರೆ ಬೇರೆ ಕ್ಯಾಮೆರಾಮನ್‌ಗಳು ಬಂದರು. 1972ರ ಫೆಬ್ರವರಿಯಲ್ಲಿ ಚಿತ್ರ ಬಿಡುಗಡೆಯಾಯಿತು, ಮಾರ್ಚ್ ಕೊನೆಗೆ ಮೀನಾಕುಮಾರಿಯವರೂ ಹೋದರು.

ವಿರ್ಶಿಂಗ್ ಹೋದ ಮೇಲೆ ಅಮ್ರೋಹಿಯವರ ಕ್ಯಾಮೆರಾದ ಹಿಂದೆ ನಿಂತವರಲ್ಲಿ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರೂ ಒಬ್ಬರು. 1983ರ 'ರಜಿಯಾ ಸುಲ್ತಾನ್' ಅವರದ್ದು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, 1940ರ ದಶಕದಲ್ಲಿ, ಛಾಯಾಗ್ರಹಣ ಕಲಿತು ಬೊಂಬಾಯಿಗೆ ಹೋದವರು. 'ಕಾಗಜ್ ಕೆ ಫೂಲ್' ಚಿತ್ರದ ಆ ಬೆಳಕಿನ ಕೋಲನ್ನು ಯಾರು ಮರೆಯಲು ಸಾಧ್ಯ? ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ಆ ಪ್ರಶಸ್ತಿಯನ್ನು ಎಲ್ಲರಿಗಿಂತ ಮೊದಲು ಪಡೆದವರು ದೇವಿಕಾರಾಣಿ. ಹೀಗೆ ಮ್ಯೂನಿಕ್‌ನಿಂದ ಹೊರಟ ಒಂದು ದಾರಿ ಮಲಾಡ್ ಹಾದು ತಾತಗುಣಿಗೂ ಬರುತ್ತದೆ, ಮೈಸೂರಿಗೂ ಬರುತ್ತದೆ. ದೂರದ ಯಾರನ್ನೋ ಎಳೆದು ತಂದು ನಿಮ್ಮ ಮುಂದೆ ನಿಲ್ಲಿಸುತ್ತಿಲ್ಲ ಎಂದು ಹೇಳುವುದಕ್ಕೆ ಇಷ್ಟು ಬರೆದೆ.

ಇನ್ನು ನನ್ನ ಬೇಡಿಕೆ.

ವಿರ್ಶಿಂಗ್ ಚಲನಚಿತ್ರದ ಕ್ಯಾಮೆರಾ ಜತೆಗೆ ಸ್ಟಿಲ್ ಕ್ಯಾಮೆರಾವನ್ನೂ ಹಿಡಿದಿದ್ದರು. ಸೆಟ್ಟಿನಲ್ಲಿ, ಹೊರಾಂಗಣದಲ್ಲಿ, ಬಿಡುವಿನಲ್ಲಿ ಸಾವಿರಾರು ಚಿತ್ರ ತೆಗೆದರು. ರಿಫ್ಲೆಕ್ಟರ್ ಹಿಡಿದು ನಿಂತ ಹುಡುಗರು, ಕ್ಯಾಮೆರಾ ಟ್ರಾಲಿ, ಮೇಕಪ್ಪಿಗೆ ಕಾದು ಕೂತ ನಟಿಯರು. ಅವರ ಕುಟುಂಬದವರು ಅದನ್ನೆಲ್ಲ ಕಾಪಾಡಿಕೊಂಡು ಬಂದರು. 2017ರಲ್ಲಿ ಗೋವಾದ ಕಲಾ ಉತ್ಸವವೊಂದರಲ್ಲಿ ಅವುಗಳ ಪ್ರದರ್ಶನ ಆಯಿತು. ಅರಸೀಕೆರೆಯಿಂದ ಗೋವಾಕ್ಕೆ ರೈಲಿದ್ದರೂ ನನಗೆ ಆ ವರ್ಷ ಹೋಗಲಾಗಲಿಲ್ಲ, ಹೆಂಡತಿಗೆ ಆಪರೇಷನ್ ಆಗಿತ್ತು. ಆ ಚಿತ್ರಗಳನ್ನು ಬೆಂಗಳೂರಿಗೆ ಕರೆಸಿ. ಕುಟುಂಬದವರ ಒಪ್ಪಿಗೆ ಪಡೆದು, ಕೊಡಬೇಕಾದ್ದನ್ನು ಕೊಟ್ಟು, ಗೌರವದಿಂದ ಕರೆಸಿ. ತಾತಗುಣಿಯಲ್ಲಿ ದೇವಿಕಾರಾಣಿಯವರ ಬದುಕನ್ನು ಜನಕ್ಕೆ ತೋರಿಸುವ ಕೋಣೆ ಯಾವಾಗ ಸಜ್ಜಾದರೂ ಅದರಲ್ಲಿ ಒಂದು ಗೋಡೆ ಅವುಗಳಿಗೆ ಇರಲಿ. ರೋರಿಕ್ ಬರೆದ ಮುಖ ಒಂದು ಕಡೆ, ವಿರ್ಶಿಂಗ್ ಬೆಳಗಿಸಿದ ಮುಖ ಎದುರು ಕಡೆ. ನಡುವೆ ನಿಂತ ಶಾಲೆಯ ಮಗು ಒಂದೇ ಹೆಂಗಸನ್ನು ಇಬ್ಬರು ಹೇಗೆ ಕಂಡರು ಎಂದು ನೋಡಲಿ. ಅದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಅಲ್ಲಿಯವರೆಗೆ ಇನ್ನೊಂದು ಕೆಲಸ ಮಾಡಬಹುದು, ಅದಕ್ಕೆ ಟೆಂಡರು ಬೇಡ, ಬಜೆಟ್ಟು ಬೇಡ. ದೇವಿಕಾರಾಣಿಯವರ ಬಾಂಬೆ ಟಾಕೀಸ್ ಕಾಲದ ಯಾವುದೇ ಚಿತ್ರವನ್ನು ಕರಪತ್ರದಲ್ಲಿ, ಫಲಕದಲ್ಲಿ, ಜಾಹೀರಾತಿನಲ್ಲಿ ಬಳಸುವಾಗ ಅದನ್ನು ತೆಗೆದವರು ಯಾರೆಂದು ವಿಚಾರಿಸಿ, ಗೊತ್ತಾದರೆ ಕೆಳಗೆ ಬರೆಸಿ. ಸ್ಟುಡಿಯೋ ಫೋಟೋಗಳ ಹಿಂದೆ ನಾವು ರಬ್ಬರ್ ಸ್ಟಾಂಪು ಒತ್ತುತ್ತಿದ್ದೆವು. ಆ ಫೋಟೋ ಯಾವ ಊರಿಗೆ ಹೋದರೂ ನಮ್ಮ ಹೆಸರು ಹಿಂದೆ ಇರುತ್ತದೆ ಎಂಬ ನೆಮ್ಮದಿ. ಯಾರಾದರೂ ಅದನ್ನು ಕಾಪಿ ಮಾಡಿ ಫ್ರೇಮಿಗೆ ಹಾಕಿದಾಗ ಮೊದಲು ಹೋಗುವುದು ಆ ಸ್ಟಾಂಪೇ. ಪತ್ರಿಕೆಯಿಂದ ಕತ್ತರಿಸಿದ ಆ ಚಿತ್ರಕ್ಕೆ ನಾನು ಮಾಡಿದ್ದೂ ಅದೇ. 34 ವರ್ಷ ನನ್ನ ಗೋಡೆಯ ಮೇಲಿದ್ದ ಮುಖದ ಕೆಳಗೆ ನಾನೂ ಹೆಸರು ಬರೆದಿರಲಿಲ್ಲ. ಅದರ ನೋವು ಈ ಪತ್ರದ ಹಿಂದೆ ಇದೆ.

ಅಕಾಡೆಮಿಯವರಲ್ಲಿ ಕೇಳುವುದಿಷ್ಟು. ನೀವು ಹಳೆಯ ಚಿತ್ರ ತೋರಿಸುವಾಗ ನಿರ್ದೇಶಕರ ಹೆಸರು ಹೇಳಿದ ಉಸಿರಿನಲ್ಲೇ ಕ್ಯಾಮೆರಾ ಯಾರದ್ದು ಎಂದೂ ಹೇಳಿಸಿ. ಬರುವ ಚಿತ್ರೋತ್ಸವದಲ್ಲಿ ಒಂದು ದಿನ 'ಪ್ರೇಮ್ ಸನ್ಯಾಸ್', 'ಅಛೂತ್ ಕನ್ಯಾ', 'ಮಹಲ್' ಮೂರನ್ನೂ ಬೆನ್ನಿಗೆ ಬೆನ್ನು ತೋರಿಸಿ. ಬಯಲ ಬಿಸಿಲು, ಸ್ಟುಡಿಯೋದ ದೀಪ, ಆಮೇಲೆ ಕತ್ತಲು. ಒಬ್ಬ ಮನುಷ್ಯನ ಕೈ ಹೇಗೆ ಬೆಳೆಯಿತು ಎಂದು ನಮ್ಮ ಕ್ಯಾಮೆರಾ ಕಲಿಯುವ ಹುಡುಗ ಹುಡುಗಿಯರಿಗೆ ಒಂದೇ ದಿನದಲ್ಲಿ ಕಾಣುತ್ತದೆ. ಹೆಸರಘಟ್ಟದ ಸರ್ಕಾರಿ ಸಂಸ್ಥೆಯ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆಸಿ ಕೂರಿಸಿ. ಮುಂದಿನ ಸಾಲನ್ನು ಅವರಿಗೇ ಬಿಡಿ.

ಹೆಸರು ಬರೆಯುವಾಗ ಒಂದು ಕೋರಿಕೆ. ಇಂಗ್ಲಿಷಿನ ಉಚ್ಚಾರಣೆ ನೋಡಿ ಜೋಸೆಫ್ ಎಂದು ಬರೆಯಬೇಡಿ. ಜರ್ಮನ್ನರ ಬಾಯಲ್ಲಿ ಅದು ಯೋಸೆಫ್. ಕನ್ನಡದಲ್ಲಿ ಅದನ್ನು ತಪ್ಪಿಲ್ಲದೆ ಬರೆಯಲು ನಮ್ಮ ಅಕ್ಷರಗಳಿಗೆ ಬರುತ್ತದೆ: ಯೋಸೆಫ್ ವಿರ್ಶಿಂಗ್, 1903–1967, ಛಾಯಾಗ್ರಾಹಕ. ಫಲಕಕ್ಕೆ ಕೈಬರಹ ಬೇಕಿದ್ದರೆ ನನಗೆ ಹೇಳಿ ಕಳಿಸಿ. ಸ್ಟುಡಿಯೋದ ಬೋರ್ಡನ್ನು ನಾನೇ ಬರೆದವನು, ಕೈ ಇನ್ನೂ ನಡುಗುತ್ತಿಲ್ಲ.

ತಮ್ಮ ವಿಶ್ವಾಸಿ,
ಅರಸೀಕೆರೆಯ ಒಬ್ಬ ಹಳೆಯ ಫೋಟೋಗ್ರಾಫರ್